ಬಣ್ಣದ ಗೆರೆಯ ಸಾಕ್ಷ್ಯ: ಸತ್ತೇಗಾಲದ ಗಡಿ ಮತ್ತು ಹಳೆಯ ಭೂಪಟಗಳ ಸಂಗ್ರಹ

ತಾಮ್ರದ ಫಲಕದಿಂದ ಅಚ್ಚಾದ ಹಳೆಯ ಭೂಪಟದಲ್ಲಿ ಇರುತ್ತಿದ್ದುದು ಕಪ್ಪು ಗೆರೆಗಳು ಮಾತ್ರ. ಹಳದಿ, ಹಸಿರು, ನಸುಗೆಂಪುಗಳನ್ನು ಆಮೇಲೆ ಕುಂಚದಿಂದ ಹಚ್ಚುತ್ತಿದ್ದರು. ಇಂಗ್ಲೆಂಡಿನ ಕೌಂಟಿಗಳನ್ನು ಚಿತ್ರಿಸಿದ ಕ್ರಿಸ್ಟೋಫರ್ ಸ್ಯಾಕ್ಸ್‌ಟನ್ನನ 1579ರ ಸಂಪುಟ ಈ ಪರಂಪರೆಯ ಆರಂಭದ ಮಹತ್ವದ ಕೃತಿ. ಇಂಥ ಹಾಳೆಗಳನ್ನು ಸಂಗ್ರಹಿಸುವವರು ಬಣ್ಣದ ಚೆಲುವಿಗೆ ಮನಸೋಲುವುದು ಸಹಜ. ಆದರೆ ಕೊಳ್ಳೇಗಾಲ ಸೀಮೆಯ ಮಟ್ಟಿಗೆ ಆ ಬಣ್ಣವನ್ನು ಕೇವಲ ಅಲಂಕಾರವೆಂದು ಭಾವಿಸಲಾಗದು.

ಕಾವೇರಿಯು ಕವಲೊಡೆದು ಶಿವನಸಮುದ್ರದ ನಡುಗಡ್ಡೆಯನ್ನು ಬಳಸುವೆಡೆಯಲ್ಲಿ, ಭರಚುಕ್ಕಿಯ ಕಡೆಗಿರುವ ಊರು ಸತ್ತೇಗಾಲ. 1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ನಡೆದ ವಿಭಜನೆಯಲ್ಲಿ ಕೊಳ್ಳೇಗಾಲವು ಕಂಪನಿಯ ಪಾಲಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. ಹೊಳೆಯಾಚೆಯ ಮಳವಳ್ಳಿ ಮೈಸೂರಿನಲ್ಲಿಯೇ ಉಳಿಯಿತು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದ ನೆರೆಯ ಯಳಂದೂರು ಕೂಡ ಮೈಸೂರಿನದೇ. 1956ರ ನವೆಂಬರ್ 1ರವರೆಗೂ ಸತ್ತೇಗಾಲದ ಮಾತು ಕನ್ನಡ, ಕಚೇರಿ ಮದರಾಸಿನದು. ಭೂಪಟದಲ್ಲಿ ಈ ಸಂಗತಿಗೆ ಸಾಕ್ಷಿಯಾಗಿರುವುದು ಬೆರಳಗಲವೂ ಇಲ್ಲದ ಒಂದು ಬಣ್ಣದ ಗೆರೆ.

ಫಲಕದಲ್ಲಿ ಗಡಿಯನ್ನು ಚುಕ್ಕೆಗಳ ಸಾಲಾಗಿ ಕೊರೆಯುವುದು ವಾಡಿಕೆ. ಯಾವ ಸಾಲು ರಾಜ್ಯದ್ದು, ಯಾವುದು ಒಳವಿಭಾಗದ್ದು ಎಂಬುದನ್ನು ಬಹುಮಟ್ಟಿಗೆ ಬಣ್ಣವೇ ಬಿಡಿಸಿ ಹೇಳುತ್ತಿತ್ತು. ಕೊರೆದ ಫಲಕವನ್ನು ತಿದ್ದುವುದು ಶ್ರಮದ ಕೆಲಸ, ಕುಂಚದ ದಾರಿಯನ್ನು ಬದಲಿಸುವುದು ಸುಲಭ. ಆದ್ದರಿಂದ ಹಳೆಯ ಫಲಕದ ಮೇಲೆ ಹೊಸ ರಾಜಕೀಯ ಮೂಡಬಹುದಾಗಿತ್ತು. ಮೈಸೂರು ಸರ್ವೇಕ್ಷಣೆಯನ್ನು ನಡೆಸಿದ ಕಾಲಿನ್ ಮೆಕೆಂಜಿ ಕನ್ನಡ ಸಂಶೋಧಕರಿಗೆ ಕೈಫಿಯತ್ತುಗಳ ಮೂಲಕ ಚಿರಪರಿಚಿತ. ಅವುಗಳಿಗೆ ಸಂದ ಗಮನ ಅವನ ನಕ್ಷೆಗಳಿಗೆ ಸಂದಿಲ್ಲವೆಂಬುದು ಖೇದದ ಸಂಗತಿ. ಏರನ್ ಆರೋಸ್ಮಿತ್ 1822ರಲ್ಲಿ ಹದಿನೆಂಟು ಹಾಳೆಗಳಲ್ಲಿ ಹೊರತಂದ ದಕ್ಷಿಣ ಭಾರತದ ಭೂಪಟ ಸಂಪುಟವೂ ಈ ದೃಷ್ಟಿಯಿಂದ ಪರಿಶೀಲನಾರ್ಹವಾಗಿದೆ.

ತೊಡಕು ಇರುವುದು ಮಾರುಕಟ್ಟೆಯಲ್ಲಿ. ಸಂಪುಟಗಳನ್ನು ಬಿಚ್ಚಿ ಹಾಳೆಗಳನ್ನು ಬಿಡಿಬಿಡಿಯಾಗಿ ಮಾರುವ, ಬಣ್ಣವಿಲ್ಲದ ಹಾಳೆಗೆ ಗೋಡೆಯ ಚೌಕಟ್ಟಿಗೊಪ್ಪುವಂತೆ ಹೊಸದಾಗಿ ಬಣ್ಣ ಬಳಿಯುವ ರೂಢಿ ಬಹಳ ಹಿಂದಿನಿಂದಲೂ ಇದೆ. ತಾಮ್ರದ ಕಿಲುಬಿನಿಂದ ತಯಾರಾದ ಹಳೆಯ ಹಸಿರು ಕಾಗದವನ್ನು ಸುಟ್ಟು ಹಿಂಬದಿಯಲ್ಲಿ ಕಂದು ಕಲೆಯಾಗಿ ಕಾಣಿಸಿಕೊಳ್ಳುತ್ತದೆ; ಆ ಕಲೆ ಪ್ರಾಚೀನತೆಯ ಒಂದು ಸೂಚನೆ. ಕಲೆಯಿಲ್ಲವೆಂದಮಾತ್ರಕ್ಕೆ ಬಣ್ಣ ಹೊಸದೆಂದು ತೀರ್ಮಾನಿಸಲಾಗದು. ನೀರಚ್ಚು ಕಾಗದದ ವಯಸ್ಸನ್ನು ಸೂಚಿಸೀತೇ ಹೊರತು ಬಣ್ಣದ ವಯಸ್ಸನ್ನಲ್ಲ.

ಚರಿತ್ರೆಯನ್ನರಿಯದ ಕುಂಚ ಇಲ್ಲಿ ಎಡವುವ ಸಂಭವ ಹೆಚ್ಚು. ನದಿಯೇ ಸಹಜ ಗಡಿಯೆಂದು ಬಗೆದು ಕಾವೇರಿಯ ಉದ್ದಕ್ಕೂ ಬಣ್ಣವೆಳೆದರೆ ಮಳವಳ್ಳಿಯ ಎದುರಿಗೆ ಅದು ಸರಿಹೊಂದೀತು. ಮೇಲ್ಹರಿವಿನತ್ತ ಸಾಗಿದಂತೆ ಗಡಿ ನದಿಯನ್ನು ಬಿಟ್ಟು ನೆಲದ ಮೇಲೆ ಕೊಳ್ಳೇಗಾಲ ಯಳಂದೂರುಗಳ ನಡುವೆ ಹಾಯುತ್ತಿತ್ತು. ನದಿಯ ದಕ್ಷಿಣಕ್ಕಿದ್ದರೂ ಯಳಂದೂರು ಮೈಸೂರಿನದಾಗಿತ್ತೆಂಬುದನ್ನು ಅಂಥ ಹಾಳೆ ಅಳಿಸಿಬಿಡುತ್ತದೆ. ಆದುದರಿಂದ ಬಣ್ಣ ಮೂಲದ್ದೋ ಅನಂತರದ್ದೋ, ಅಂಚಿಗೆ ಸೀಮಿತವೋ ಪೂರ್ಣವೋ, ಹಿಂಬದಿಯ ಸ್ಥಿತಿ ಏನು ಎಂಬುದನ್ನು ಗ್ರಂಥಾಲಯಗಳ ಸೂಚಿಗಳು ನಮೂದಿಸಬೇಕು. ಬಣ್ಣ ಕಾಣದ, ಅಗ್ಗದ ಹಾಳೆಯೊಂದು ದೊರೆತಲ್ಲಿ ಕನ್ನಡ ಗ್ರಂಥಾಲಯಗಳು ಅದನ್ನೇ ಮೊದಲು ಕೊಳ್ಳುವುದು ಲೇಸು. ಅದರಲ್ಲಿ ಕನಿಷ್ಠಪಕ್ಷ ಚುಕ್ಕೆಗಳ ಸಾಲು ಮುಚ್ಚಿಹೋಗಿರುವುದಿಲ್ಲ.