ಕೆಂಪಾಚಾರಿ ಸಾಲನ್ನು ಯಾರು ಓದುತ್ತಾರೆ?

ಮಂಟೇಸ್ವಾಮಿ ಕಾವ್ಯದ ಬಗ್ಗೆ ಬಂದಿರುವ ಬರಹಗಳಲ್ಲಿ ಹೆಚ್ಚಿನವು ಕಲ್ಯಾಣದ ಸಾಲಿನಲ್ಲೇ ನಿಂತುಬಿಡುತ್ತವೆ. ಸತ್ತ ಕರು ಹೊತ್ತು, ಹೆಂಡ ಹಿಡಿದು, ನಾರುತ್ತ ಬಂದವರನ್ನು ಕಲ್ಯಾಣದ ಜಂಗಮರು ಹೊರದಬ್ಬಿದರು. ಇದನ್ನು ಪ್ರತಿಭಟನೆ ಎಂದು ಓದಿದ್ದು ಸರಿಯೇ. ಆದರೆ ಅದೇ ಧರೆಗೆ ದೊಡ್ಡವರು ಮುಂದೆ ನಿಡುಘಟ್ಟಕ್ಕೆ ಬರುತ್ತಾರೆ. ಮುದ್ದಮ್ಮನ ಮಗ ಕೆಂಪಾಚಾರಿಯನ್ನು ತಮಗೆ ಕೊಡಿ ಎನ್ನುತ್ತಾರೆ. ಹೆತ್ತವರು ಒಲ್ಲೆವೆಂದರೆ ಮನೆಗೆ ಕೇಡು. ಹುಡುಗ ಒಲ್ಲೆನೆಂದರೆ ಗವಿವಾಸ. ಹಾಗೆ ಬಗ್ಗಿದ ಮೇಲೇ ಅವನು ಸಿದ್ದಪ್ಪಾಜಿ. ಕಲ್ಯಾಣದಲ್ಲಿ ತಿರಸ್ಕಾರ ಉಂಡ ದೇವರು ಇಲ್ಲಿ ವಸೂಲಿಗೆ ಬಂದವನಂತೆ ಕಾಣುತ್ತಾನೆ. ಈ ಜಾಗ ಬಂದಾಗ ನಮ್ಮ ವಿಮರ್ಶೆಯ ದನಿ ಯಾಕೋ ತಗ್ಗುತ್ತದೆ.

ಇದು ಬರೀ ಕತೆಯಲ್ಲ. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಮಗನನ್ನು ಸಿದ್ದಪ್ಪಾಜಿಗೆ ಬಿಟ್ಟು ನೀಲಗಾರನನ್ನಾಗಿ ಮಾಡಿದ ಮನೆಗಳಿವೆ. ತಂಬೂರಿ, ಗಗ್ಗರ, ಭಿಕ್ಷದ ಜೋಳಿಗೆ. ನನ್ನ ತರಗತಿಯ ಹುಡುಗನೊಬ್ಬ ಹೇಳಿದ: “ನಮ್ ದೊಡ್ಡಪ್ಪನ್ನ ಬುಟ್ಟಿದ್ರು ಸಾ. ಕಾಯ್ಲ ವಾಸಿಯಾದ್ರೆ ಬುಡ್ತೀನಿ ಅಂತ ನಮ್ಮಜ್ಜಿ ಅರಕೆ ಹೊತ್ಕಂಡಿದ್ಲಂತೆ.” ಅಜ್ಜಿಯ ಮುಂದೆ ಇದ್ದದ್ದು ಮುದ್ದಮ್ಮನ ಉದಾಹರಣೆ. ಕೊಡದಿದ್ದರೆ ಏನಾಗುತ್ತದೆಂದು ಕಾವ್ಯವೇ ಹೇಳಿಕೊಟ್ಟಿದೆಯಲ್ಲ! ಇನ್ನೊಂದನ್ನೂ ನೋಡಬೇಕು. ಕಾವ್ಯದಲ್ಲಿ ಮಗನನ್ನು ಕೊಟ್ಟವರು ಪಾಂಚಾಳರು. ಊರುಗಳಲ್ಲಿ ಕೊಟ್ಟವರಲ್ಲಿ ಹೊಲೆಯರೇ ಹೆಚ್ಚು. ಬೊಪ್ಪೇಗೌಡನಪುರದ ಮಠದ ಪೀಠವೋ ಅರಸು ಮನೆತನದ್ದು. ದೇವರು ಎಂಥವನು ಎಂಬುದು ಪದದಲ್ಲಿ ಮಾತ್ರ ಇಲ್ಲ. ಜೋಳಿಗೆ ಯಾರ ಹೆಗಲಿಗೆ, ಯಜಮಾನಿಕೆ ಯಾರ ಕೈಗೆ ಎಂಬುದರಲ್ಲೂ ಇದೆ.

ಹಾಗಂತ, 1956ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳನ್ನು ಮುಂದಿಟ್ಟು ದೇವರ ಗೊಡವೆಯೇ ಬೇಡ ಎನ್ನುವ ಗೆಳೆಯರ ಮಾತಿಗೆ ಇದು ಮುಗಿಯುವುದಿಲ್ಲ. (ಅವರ ಮನೆಯವರೂ ಚಿಕ್ಕಲ್ಲೂರಿಗೆ ಹೋಗಿಬರುತ್ತಾರೆ, ಅದಿರಲಿ.) ಸಿದ್ದಪ್ಪಾಜಿಯ ಗದ್ದಿಗೆಯಿರುವ ಆ ಚಿಕ್ಕಲ್ಲೂರಿನ ಜಾತ್ರೆಯಲ್ಲಿ ಹಲವು ಜಾತಿಯ ಜನ ಬಿಡಾರ ಹೂಡಿ, ಬಾಡಿನ ಅಡುಗೆ ಮಾಡಿ, ಸಾಲಾಗಿ ಕೂತು ಉಣ್ಣುತ್ತಾರೆ. ಅದಕ್ಕೆ ಪಂಕ್ತಿಸೇವೆ ಎಂದು ಹೆಸರು. 1959ರ ಪ್ರಾಣಿಬಲಿ ತಡೆ ಕಾಯ್ದೆಯನ್ನು ಹಿಡಿದು ಅಧಿಕಾರಿಗಳು ಅಡ್ಡಬಂದಾಗ ಒಕ್ಕಲು ಹೇಳಿದ್ದು ಇಷ್ಟೆ: ಇದು ಬಲಿಯಲ್ಲ, ಊಟ. ಮಗನನ್ನು ಕೇಳಿದ ದೇವರಿಗೆ ತಲೆಬಾಗಿದ ಜನವೇ ಆ ದೇವರ ಹೆಸರಲ್ಲಿ ಸರ್ಕಾರದ ಮುಂದೆ ತಲೆಯೆತ್ತಿದ್ದರು. ಹೆದರಿಕೆಯನ್ನೂ ಧೈರ್ಯವನ್ನೂ ಕೊಟ್ಟದ್ದು ಒಂದೇ ನಂಬಿಕೆ. ಒಂದನ್ನು ಮೌಢ್ಯವೆಂದು ಎಸೆದು, ಇನ್ನೊಂದನ್ನು ಬಂಡಾಯವೆಂದು ಎತ್ತಿಕೊಳ್ಳುವ ಓದು ಸಲೀಸಿನದು.

ಮಂಟೇಸ್ವಾಮಿಯನ್ನು ಪಾಠಕ್ಕೆ ಇಡುವವರು ಕಲ್ಯಾಣದ ಸಾಲಿನ ಜೊತೆ ಕೆಂಪಾಚಾರಿ ಸಾಲನ್ನೂ ಇಡಲಿ. ಮುದ್ದಮ್ಮ ‘ಕೊಡಕ್ಕಿಲ್ಲ’ ಅನ್ನುವ ಜಾಗವನ್ನು, ಮನೆಯವರು ಬಿಟ್ಟಿದ್ದರಿಂದ ನೀಲಗಾರನಾದ ಒಬ್ಬನ ಎದುರು ಕೂತು ಕೇಳಲಿ.