ಕಟ್ಟೆಯಲ್ಲಿ ಆಡಲಾಗದ ಮಾತು

ಹರಪನಹಳ್ಳಿ ತಾಲ್ಲೂಕಿನ ನೀಲಗುಂದದಂಥ ಊರಿನಲ್ಲಿ ಆಪ್ತಸಮಾಲೋಚನೆಯ ಸುದ್ದಿ ಎತ್ತಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಇದು: ‘ಅದೆಲ್ಲ ಬೆಂಗಳೂರಿನ ಕಂಪನಿಯವರಿಗೆ. ನಮಗೆ ಮನೆಮಂದಿ ಅದಾರ, ಓಣಿ ಐತಿ, ಗುಡಿಕಟ್ಟೆ ಐತಿ.’ ಓದಿದವರು ಇದನ್ನೇ ಬೇರೆ ರೀತಿ ಹೇಳುತ್ತಾರೆ. ಹಳ್ಳಿಯವರಿಗೆ ಮನಸ್ಸಿನ ಕಾಯಿಲೆ ಎಂದರೆ ಹುಚ್ಚು ಎಂಬ ಅಂಜಿಕೆ, ತಿಳಿವಳಿಕೆ ಸಾಲದು, ಜಾಗೃತಿ ಶಿಬಿರ ಮಾಡಬೇಕು ಎನ್ನುತ್ತಾರೆ. ಎರಡೂ ಮಾತು ತಪ್ಪು ಎಂಬುದು ನನ್ನ ವಾದ.

ಎರಡನೆಯದನ್ನು ಮೊದಲು ನೋಡೋಣ, ಏಕೆಂದರೆ ಅದನ್ನು ಸುಳ್ಳು ಮಾಡಿದ್ದು ಇದೇ ಸೀಮೆ. 1985ರಿಂದ 1990ರವರೆಗೆ ನಿಮ್ಹಾನ್ಸ್ ಸಂಸ್ಥೆ ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿತು. ಹರಪನಹಳ್ಳಿಯೂ ಆಗ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನೋರೋಗಕ್ಕೆ ಮತ್ತು ಮೂರ್ಛೆರೋಗಕ್ಕೆ ಬೇಕಾದ ಕೆಲವೇ ಔಷಧಿಗಳನ್ನು ಅಲ್ಲೇ ಸಿಗುವಂತೆ ಮಾಡಿದರು. ಸುಮಾರು 20 ಲಕ್ಷ ಜನಸಂಖ್ಯೆಯ ಜಿಲ್ಲೆ. ಜನ ಬಂದರು, ಔಷಧಿ ತೆಗೆದುಕೊಂಡರು. ಅದನ್ನೇ ‘ಬಳ್ಳಾರಿ ಮಾದರಿ’ ಎಂದು ಕರೆದು, 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭಿಸಿತು. ದೇಶಕ್ಕೇ ದಾರಿ ತೋರಿದ ನೆಲದ ಜನರನ್ನು ಅರಿವಿಲ್ಲದವರು, ನಾಚಿಕೆಗೆ ಹಿಂಜರಿದವರು ಎನ್ನುವುದು ಅನ್ಯಾಯ. ಸೇವೆ ಹತ್ತಿರವಿದ್ದರೆ, ಅದರಿಂದ ಗುಣ ಕಂಡರೆ ಜನ ಹೋಗುತ್ತಾರೆ.

ಹಾಗಿದ್ದರೆ ಇಂದು ಒಬ್ಬ ಶಿಕ್ಷಕನೋ, ಬಸ್ ಕಂಡಕ್ಟರೋ, ಬ್ಯಾಂಕಿನ ಗುಮಾಸ್ತೆಯೋ ಮನಸ್ಸು ಕುಸಿದಾಗ ಬಾಯಿ ಬಿಡುವುದಿಲ್ಲ ಯಾಕೆ? ಅವರು ದಡ್ಡರಲ್ಲ, ಲೆಕ್ಕ ಹಾಕುತ್ತಾರೆ. ಆ ಲೆಕ್ಕ ಸರಿಯಾಗಿಯೇ ಇದೆ.

ಸರ್ಕಾರಿ ನೌಕರನ, ಉದಾಹರಣೆಗೆ ಒಬ್ಬ ಶಿಕ್ಷಕನ, ವೈದ್ಯಕೀಯ ರಜೆಯ ಪ್ರಮಾಣಪತ್ರ ನೋಡಿ. ಮೇಲೆ ನೌಕರನ ಸಹಿ. ಕೆಳಗೆ, ಇವರನ್ನು ಪರೀಕ್ಷಿಸಿದ್ದೇನೆ, ಇವರು ಇಂಥ ಕಾಯಿಲೆಯಿಂದ ಬಳಲುತ್ತಿದ್ದಾರೆ ಎಂಬ ಒಕ್ಕಣೆ. ಕಾಯಿಲೆಯ ಹೆಸರು ಬರೆಯಲೆಂದೇ ಒಂದು ಖಾಲಿ ಗೆರೆ. ಅಲ್ಲಿ ‘ಜ್ವರ’ ಎಂದು ಬರೆದರೆ ಚಿಂತೆಯಿಲ್ಲ. ‘ಖಿನ್ನತೆ’ ಎಂದು ಬರೆದರೆ ಆ ಹಾಳೆ ಮೊದಲು ಮುಖ್ಯ ಶಿಕ್ಷಕರ ಮೇಜಿಗೆ, ಅಲ್ಲಿಂದ ಟಪಾಲಿನಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ, ಅಲ್ಲಿ ವಿಷಯ ನಿರ್ವಾಹಕರ ಕಡತಕ್ಕೆ ಹೋಗುತ್ತದೆ. ಔಷಧಿಯ ಬಿಲ್ಲು ಮರುಪಾವತಿಗೆ ಹಾಕಿದರೆ ಮಾತ್ರೆಯ ಹೆಸರು ಸಮೇತ ಮತ್ತೊಂದು ಸುತ್ತು. ವಿಷಯ ನಿರ್ವಾಹಕರು ಕೆಟ್ಟವರಲ್ಲ, ಆದರೆ ಅವರ ತಂಗಿಯನ್ನು ಕೊಟ್ಟಿರುವುದು ಆ ಶಿಕ್ಷಕರ ಪಕ್ಕದೂರಿಗೇ. ಮುಂದಿನ ವರ್ಷ ಮಗಳಿಗೆ ಗಂಡು ನೋಡಬೇಕು. ಅದಕ್ಕೇ ವೈದ್ಯರಿಗೆ ಕೈಮುಗಿದು ‘ಸಾರ್, ಟೈಫಾಯ್ಡ್ ಅಂತ ಬರೆದುಕೊಡಿ’ ಎನ್ನುತ್ತಾರೆ. ಇಂಥ ಪತ್ರದಲ್ಲಿ ಸುಳ್ಳು ಇರುವುದು ಜಾಗೃತಿ ಇಲ್ಲದ್ದಕ್ಕಲ್ಲ. ಗುಟ್ಟು ಕಾಯುವ ವ್ಯವಸ್ಥೆ ಇಲ್ಲದ್ದಕ್ಕೆ.

ಇನ್ನು ಕಟ್ಟೆಯ ಮಾತು. ಕಟ್ಟೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮಳೆ ಬರಲಿಲ್ಲ, ಮೆಕ್ಕೆಜೋಳದ ಬೆಲೆ ಬಿತ್ತು, ಬೋರಿನಲ್ಲಿ ನೀರು ನಿಂತಿತು: ಎಲ್ಲರಿಗೂ ಬಂದ ಕಷ್ಟವನ್ನು ಹೇಳಿಕೊಂಡು ಎದೆ ಹಗುರ ಮಾಡಿಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ಒಬ್ಬರಿಗೇ ಬಂದ ಕಷ್ಟ ಬೇರೆ. ಮೇಲಧಿಕಾರಿಯ ಕಿರುಕುಳ, ಕುಡಿತ, ಗಂಡ ಹೆಂಡತಿ ನಡುವಿನ ಬಿರುಕು, ಬದುಕೇ ಬೇಡ ಎನ್ನಿಸುವ ರಾತ್ರಿಗಳು. ಇವನ್ನು ಕಟ್ಟೆಯಲ್ಲಿ ಆಡಿದವರು ಯಾರು? ತಾಲ್ಲೂಕು ಆಸ್ಪತ್ರೆಯಲ್ಲಿ ‘ಮನೋಚೈತನ್ಯ’ ಯೋಜನೆಯಡಿ ಮಂಗಳವಾರ ಮನೋವೈದ್ಯರು ಬಂದು ನೋಡುವ ವ್ಯವಸ್ಥೆ ಇದೆ, ಒಳ್ಳೆಯದೇ. ಆದರೆ ಊರಿಂದ ಹರಪನಹಳ್ಳಿಗೆ ಬಸ್ ಹತ್ತಿದವರನ್ನು ‘ಯಾಕಪಾ ಮಾಸ್ತರ, ಇವತ್ತು ಸಾಲಿ ಇಲ್ಲೇನು?’ ಎಂದು ಕೇಳುವವರು ಸೀಟಿಗೊಬ್ಬರು. ಅಕ್ಕರೆಯಿಂದಲೇ ಕೇಳುತ್ತಾರೆ. ಉತ್ತರ ಕೊಡಲೇಬೇಕು.

ಗುಟ್ಟು ಬಯಸುವುದು ಪಟ್ಟಣದವರ ಚಾಳಿ ಎನ್ನುವವರು ಒಂದು ಸಂಗತಿ ಮರೆಯುತ್ತಾರೆ. ಉಚ್ಚಂಗಿ ಗುಡ್ಡ ಹತ್ತುವವರು, ಮೈಲಾರಕ್ಕೆ, ಕೊಟ್ಟೂರಿಗೆ ನಡೆದು ಹೋಗುವವರು ಹರಕೆಯನ್ನು ಯಾರಿಗೂ ಹೇಳುವುದಿಲ್ಲ, ಹೇಳಬಾರದು ಎಂಬ ನಂಬಿಕೆಯೇ ಇದೆ. ಸಾವಿರಾರು ಜನರ ನಡುವೆ ನಿಂತು ಮನಸ್ಸಿನಲ್ಲೇ ಆಡುವ ಮಾತು ಅದು. ಕೇಳಿಸಿಕೊಂಡವರು ಅದನ್ನು ಇನ್ನೊಬ್ಬರಿಗೆ ದಾಟಿಸಲಾರರು ಎಂಬ ಭರವಸೆ ನಮ್ಮ ಜನರಿಗೆ ಎಂದಿನಿಂದಲೂ ಬೇಕಾಗಿತ್ತು. ಆಪ್ತಸಮಾಲೋಚಕರು ಕೊಡಬೇಕಾದದ್ದು ಆ ಭರವಸೆಯನ್ನೇ, ಅದರ ಜೊತೆಗೆ ಮರಳಿ ಒಂದು ಮಾತನ್ನು.

ಹಾಗೆಂದು ಬೆಂಗಳೂರಿನ ಕಂಪನಿಗಳ ಏರ್ಪಾಡನ್ನು ಇದ್ದಂತೆಯೇ ತಂದಿಡಿ ಎನ್ನಲಾರೆ. ಅಲ್ಲಿ ಕಂಪನಿ ಹೊರಗಿನ ಸಂಸ್ಥೆಯೊಂದಕ್ಕೆ ಹಣ ಕಟ್ಟುತ್ತದೆ. ನೌಕರರು ಫೋನಿನಲ್ಲೋ ಎದುರು ಕೂತೋ ಮಾತಾಡುತ್ತಾರೆ. ಯಾರು ಬಂದರು, ಏನು ಹೇಳಿದರು ಎಂಬುದು ಕಂಪನಿಗೆ ತಿಳಿಯುವುದಿಲ್ಲ, ಒಟ್ಟು ಎಷ್ಟು ಜನ ಬಂದರು ಎಂಬ ಸಂಖ್ಯೆ ಮಾತ್ರ ಹೋಗುತ್ತದೆ. ಈ ಪದ್ಧತಿಯ ಬೇರು 1940ರ ದಶಕದ ಅಮೆರಿಕದಲ್ಲಿದೆ. ಕುಡಿತಕ್ಕೆ ಬಿದ್ದ ನೌಕರರನ್ನು ಮತ್ತೆ ಕೆಲಸಕ್ಕೆ ಹಚ್ಚಲು ಕಾರ್ಖಾನೆಗಳು ಮಾಡಿಕೊಂಡ ಉಪಾಯ ಅದು. ಹಣ ಕೊಡುವವರ ಲಾಭ ಅದರೊಳಗೆ ಮೊದಲಿನಿಂದಲೂ ಇದೆ, ಆದ್ದರಿಂದ ನೌಕರರ ಅನುಮಾನವನ್ನು ತಪ್ಪೆನ್ನಲಾಗದು. ಮೇಲಾಗಿ ಹತ್ತು ಸಾವಿರ ಜನರ ಕಂಪನಿಯಲ್ಲಿ ‘ಇನ್ನೂರು ಜನ ಬಂದರು’ ಎಂದರೆ ಅದು ಬರೀ ಸಂಖ್ಯೆ. ಎಂಟು ಜನರ ಬ್ಯಾಂಕ್ ಶಾಖೆಯಲ್ಲಿ ‘ಒಬ್ಬರು ಬಂದರು’ ಎಂದರೆ ಹೆಸರು ಹಿಡಿದು ಹೇಳಿದಂತೆಯೇ. ಕಾಫಿ ತೋಟಕ್ಕೆ ಗುಳೆ ಹೋಗುವವರಿಗೆ, ಗುತ್ತಿಗೆಯ ಕೆಲಸಗಾರರಿಗೆ ಈ ಸೌಲಭ್ಯದ ಮಾತೇ ಇಲ್ಲ.

ಈ ತಾಲ್ಲೂಕುಗಳಲ್ಲಿ ಸಂಬಳ ಕೊಡುವ ದೊಡ್ಡ ಯಜಮಾನ ಸರ್ಕಾರ. ಅದು ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಉದಾಹರಣೆ ಇದೆ. 2022ರ ಅಕ್ಟೋಬರ್‌ನಲ್ಲಿ ಮಾನಸಿಕ ಆರೋಗ್ಯಕ್ಕೆಂದು ಟೆಲಿ-ಮನಸ್ ಸಹಾಯವಾಣಿ ಶುರುವಾಯಿತು, ಮರುವರ್ಷವೇ ಸೈನಿಕರಿಗೆಂದು ಪುಣೆಯ ಸೇನಾ ವೈದ್ಯಕೀಯ ಕಾಲೇಜಿನಲ್ಲಿ ಅದರ ಪ್ರತ್ಯೇಕ ಘಟಕ ಬಂತು. ಶಿಕ್ಷಕರಿಗೆ, ಸಾರಿಗೆ ನೌಕರರಿಗೆ, ಪೊಲೀಸರಿಗೆ, ಆಶಾ ಕಾರ್ಯಕರ್ತೆಯರಿಗೆ ಅಂಥದೇ ಘಟಕ ಯಾಕೆ ಬೇಡ? ಸಮಾಲೋಚಕರು ಬೇರೆ ಜಿಲ್ಲೆಯವರಿರಲಿ, ತಾಲ್ಲೂಕುವಾರು ಲೆಕ್ಕ ಯಾವ ಕಚೇರಿಗೂ ಹೋಗದಿರಲಿ. ರಜೆಯ ಪತ್ರದಿಂದ ಕಾಯಿಲೆಯ ಹೆಸರಿನ ಗೆರೆಯನ್ನು ತೆಗೆಯಿರಿ, ಎಷ್ಟು ದಿನ ವಿಶ್ರಾಂತಿ ಬೇಕೆಂದು ವೈದ್ಯರು ಬರೆದರೆ ಸಾಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ರೋಗಿಗೆ ಗೋಪ್ಯತೆಯ ಹಕ್ಕು ಕೊಟ್ಟಿದೆ. ಕಾಯ್ದೆ ಪಾಲಿಸಬೇಕಾದ ಸರ್ಕಾರದ ಕಚೇರಿಯಲ್ಲೇ ರೋಗಿಯ ಗುಟ್ಟು ಕಡತಕ್ಕೆ ಕಟ್ಟಿಕೊಂಡು ಓಡಾಡಬಾರದು.

ಇದೆಲ್ಲ ಆಗುವವರೆಗೆ ಕಾಯಲಾಗದವರು ಇರುತ್ತಾರೆ. ಅವರಿಗೆ ಒಂದು ಮಾತು: ಟೆಲಿ-ಮನಸ್ ಸಂಖ್ಯೆ 14416. ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ, ಖರ್ಚಿಲ್ಲ, ಯಾವ ಮೇಲಧಿಕಾರಿಯ ಸಹಿಯೂ ಬೇಕಿಲ್ಲ. ಕಚೇರಿಯ ಫೋನಿನಿಂದ ಬೇಡ, ನಿಮ್ಮದೇ ಮೊಬೈಲಿನಿಂದ ಮಾಡಿ.