ರಾಜನ ಜೊತೆ ನಾಡೂ ಹೋಗಬೇಕಿತ್ತೆ?

ಪ್ರತಿ ನವೆಂಬರ್ ಒಂದಕ್ಕೆ ನಮ್ಮ ಶಾಲೆಯಲ್ಲಿ ಏಕೀಕರಣದ ಬಗ್ಗೆ ಮಾತನಾಡುವ ಸರದಿ ನನ್ನದೇ. ಕನ್ನಡ ಟೀಚರ್ ಅಲ್ಲವೇ? ಐದಾರು ಆಡಳಿತಗಳಲ್ಲಿ ಚದುರಿಹೋಗಿದ್ದ ಕನ್ನಡಿಗರು 1956ರಲ್ಲಿ ಒಂದಾದರು ಎಂದು ಎಷ್ಟು ವರ್ಷ ಹೇಳಿದ್ದೇನೋ ಲೆಕ್ಕವಿಲ್ಲ. ಒಂದು ಸಲ ಭಾಷಣ ಮುಗಿಸಿ ಸ್ಟಾಫ್ ರೂಮಿಗೆ ಬಂದಾಗ, ಆಗ ನಮ್ಮಲ್ಲಿ ಗಣಿತ ಹೇಳಿಕೊಡುತ್ತಿದ್ದ ಕೊಡಗಿನ ಟೀಚರೊಬ್ಬರು ನಗುತ್ತಲೇ ಕೇಳಿದರು: "ಮೇಡಂ, ನೀವು ಏಕೀಕರಣ ಅಂತೀರಿ. ನಮ್ಮ ತಾತ ಅದನ್ನ ವಿಲೀನ ಅಂತಿದ್ದರು. ಎರಡೂ ಒಂದೇನಾ?"

ನಾನು ಏನೋ ಹೇಳಿ ಮಾತು ತೇಲಿಸಿದೆ. ಆದರೆ ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು. ಸಕ್ಕರೆ ಹಾಲಿನಲ್ಲಿ ವಿಲೀನವಾಯಿತು ಎನ್ನುತ್ತೇವೆ. ಹಾಲು ಸಕ್ಕರೆಯಲ್ಲಿ ವಿಲೀನವಾಯಿತು ಎಂದು ಯಾರೂ ಹೇಳುವುದಿಲ್ಲ. ಕರಗುವುದು ಯಾವಾಗಲೂ ಚಿಕ್ಕದೇ. ಆ ಸಂಜೆ ಮನೆಗೆ ಹೋದವಳು ಮಾಸ್ತಿಯವರ 'ಚಿಕವೀರ ರಾಜೇಂದ್ರ'ವನ್ನು ಕಪಾಟಿನಿಂದ ತೆಗೆದೆ. ಕಾಲೇಜಿನಲ್ಲಿದ್ದಾಗ ಕಥೆಗಾಗಿ ಓದಿದ್ದ ಪುಸ್ತಕವನ್ನು ಈ ಸಲ ಪ್ರಶ್ನೆಯೊಂದನ್ನು ಇಟ್ಟುಕೊಂಡು ಓದಿದೆ.

ಈ ಕಾದಂಬರಿ ಹೊರಬಂದದ್ದು 1956ರಲ್ಲಿ. ಕೊಡಗು ತನ್ನ ಪ್ರತ್ಯೇಕ ರಾಜ್ಯದ ಸ್ಥಾನವನ್ನು ಕಳೆದುಕೊಂಡು ಮೈಸೂರಿಗೆ ಸೇರಿದ್ದೂ ಅದೇ ವರ್ಷ. ಮಾಸ್ತಿಯವರಿಗೆ 1983ರ ಜ್ಞಾನಪೀಠ ಪ್ರಶಸ್ತಿ ತಂದುಕೊಟ್ಟ ಕೃತಿ ಇದು. ಕಥೆ ನಿಮ್ಮಲ್ಲಿ ಅನೇಕರಿಗೆ ಗೊತ್ತಿರಬಹುದು. ಕೊಡಗಿನ ಕೊನೆಯ ಅರಸು ಚಿಕವೀರ ರಾಜ ವಿಷಯಲಂಪಟ, ಮುಂಗೋಪಿ. ಬಾಲ್ಯದ ಒಡನಾಡಿ ಕುಂಟ ಬಸವನ ಮಾತು ಅವನಿಗೆ ವೇದವಾಕ್ಯ. ರಾಣಿ ಗೌರಮ್ಮ ಗಂಡನನ್ನು ತಿದ್ದಲು ಒದ್ದಾಡುತ್ತಾಳೆ. ರಾಜನ ತಂಗಿ ದೇವಮ್ಮಾಜಿ, ಅವಳ ಗಂಡ ಚೆನ್ನಬಸವಯ್ಯ ಅವನ ಕಾಟ ತಾಳಲಾರದೆ ಇಂಗ್ಲಿಷರ ಆಶ್ರಯಕ್ಕೆ ಓಡಿಹೋಗುತ್ತಾರೆ. ಮಂತ್ರಿ ಬೋಪಣ್ಣನೂ ಕೊನೆಗೆ ರಾಜನ ಕೈಬಿಡುತ್ತಾನೆ. 1834ರಲ್ಲಿ ಕೊಡಗು ಬ್ರಿಟಿಷರ ಪಾಲಾಗುತ್ತದೆ.

ಮಾಸ್ತಿಯವರ ದೊಡ್ಡತನ ಎಂದರೆ ಯಾರನ್ನೂ ಪೂರಾ ಕೆಟ್ಟವರನ್ನಾಗಿ ಮಾಡದಿರುವುದು. ಕುಂಟ ಬಸವನ ಬಗ್ಗೆಯೂ ಕೊನೆಕೊನೆಗೆ ಕನಿಕರ ಹುಟ್ಟುತ್ತದೆ. ಬೋಪಣ್ಣನನ್ನು ದ್ರೋಹಿ ಎಂದು ಸಲೀಸಾಗಿ ಕರೆದುಬಿಡಲು ಅವರು ಬಿಡುವುದಿಲ್ಲ. ಅವನ ಸಿಟ್ಟು ರಾಜನ ಮೇಲೆ, ನಾಡಿನ ಮೇಲಲ್ಲ.

ಆದರೆ ನನ್ನ ತಕರಾರು ಇರುವುದೂ ಇಲ್ಲಿಯೇ. ಪುಸ್ತಕ ಮುಚ್ಚಿದಾಗ ಓದುಗರ ಮನಸ್ಸಿನಲ್ಲಿ ಉಳಿಯುವುದೇನು? 'ರಾಜ ಅಂಥವನಿದ್ದ, ರಾಜ್ಯ ಹೋಯಿತು' ಎಂಬ ನಿಟ್ಟುಸಿರು. ತಪ್ಪಿನ ತೂಕವೆಲ್ಲ ಮಡಿಕೇರಿಯ ಅರಮನೆಯ ಮೇಲೆ ಬೀಳುತ್ತದೆ. ನೆರೆಯಲ್ಲಿ ಕಾದು ಕುಳಿತಿದ್ದ ದೊಡ್ಡ ಶಕ್ತಿಯ ಮೇಲೆ ಅಷ್ಟು ಬೀಳುವುದಿಲ್ಲ. ನಮ್ಮ ಜಿಲ್ಲೆಯ ಬಿದನೂರಿನ ಪತನವನ್ನು ಹೇಳುವ ಅವರ 'ಚೆನ್ನಬಸವನಾಯಕ'ದಲ್ಲೂ ಹೀಗೆಯೇ. ಅಲ್ಲಿಯೂ ರಾಣಿ ವೀರಮ್ಮಾಜಿಯ ನಡತೆಯೇ ಮುಂದೆ ಬಂದು, 1763ರಲ್ಲಿ ಬಿದನೂರನ್ನು ನುಂಗಿದ ಹೈದರಾಲಿಯ ಸೈನ್ಯ ಹಿಂದೆ ನಿಲ್ಲುತ್ತದೆ. ದೊಡ್ಡ ರಾಜ್ಯಗಳಲ್ಲಿ ಕೆಟ್ಟ ಅರಸರು ಇರಲಿಲ್ಲವೇ? ಅವರ ದೇಶಗಳು ಉಳಿದವು. ಚಿಕ್ಕ ನಾಡಿಗೆ ಮಾತ್ರ ಒಬ್ಬ ಕೆಟ್ಟ ಅರಸನ ಬೆಲೆ ನಾಡೇ ಆಗಬೇಕೆ?

ಮನೆಯ ಯಜಮಾನ ಕುಡುಕನಾದರೆ ಹೆಂಗಸರು ಪಕ್ಕದ ಮನೆಯ ಸಾಹುಕಾರರನ್ನು ಕರೆದು ಬುದ್ಧಿ ಹೇಳಿಸುವುದುಂಟು. ಬಂದವರು ಬುದ್ಧಿ ಹೇಳಿ ಹೋಗುವ ಬದಲು ಮನೆಯನ್ನೇ ತಮ್ಮ ಹೆಸರಿಗೆ ಬರೆಸಿಕೊಂಡರೆ, 'ಯಜಮಾನ ಕುಡಿಯುತ್ತಿದ್ದ' ಎನ್ನುವುದು ಅದಕ್ಕೆ ಸಮಾಧಾನವಾಗುತ್ತದೆಯೇ? 1834ರಲ್ಲಿ ಆದದ್ದು ಅದೇ. ಕರ್ನಲ್ ಫ್ರೇಸರ್ ಹೊರಡಿಸಿದ ಘೋಷಣೆಯಲ್ಲಿ ಕೊಡಗಿನ ನಿವಾಸಿಗಳೆಲ್ಲರ ಒಮ್ಮತದ ಇಚ್ಛೆಯಂತೆ ಈ ನಾಡನ್ನು ಕಂಪನಿಯ ಆಳ್ವಿಕೆಗೆ ತೆಗೆದುಕೊಂಡಿದ್ದೇವೆ ಎಂದಿತ್ತು. ಎಲ್ಲರ ಇಚ್ಛೆ! ಯಾರನ್ನು ಕೇಳಿದ್ದರು?

ಮೂರೇ ವರ್ಷದಲ್ಲಿ ಇದಕ್ಕೆ ಉತ್ತರ ಬಂತು. ಕೊಡಗಿಗೆ ಸೇರಿದ್ದ ಅಮರ ಸುಳ್ಯ, ಪುತ್ತೂರಿನ ಸೀಮೆಗಳನ್ನು ಬ್ರಿಟಿಷರು ಕೆನರಾ ಜಿಲ್ಲೆಗೆ ಸೇರಿಸಿದರು. ದವಸದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ಕೇಳಿದರು. 1837ರ ಏಪ್ರಿಲ್‌ನಲ್ಲಿ ಅಲ್ಲಿಯ ರೈತರು ದಂಗೆಯೆದ್ದು ಮಂಗಳೂರಿನವರೆಗೂ ನುಗ್ಗಿದರು. ದಂಗೆಯನ್ನು ಅಡಗಿಸಿದ ಮೇಲೆ ಗುಡ್ಡೆಮನೆ ಅಪ್ಪಯ್ಯಗೌಡರನ್ನು ಅದೇ ವರ್ಷದ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿಸಿದರು. ಅದೇ ದಂಗೆಯನ್ನು ಹತ್ತಿಕ್ಕಲು ಕಂಪನಿಯ ಪರ ನಿಂತ ಕೊಡಗಿನ ಪ್ರಮುಖರೂ ಇದ್ದರು. ಎಂದರೆ, ಒಂದು ಚಿಕ್ಕ ನಾಡಿನ 'ಇಚ್ಛೆ' ಎಂಬುದು ಕೂಡ ಒಂದೇ ಆಗಿರಲಿಲ್ಲ. ಮಾಸ್ತಿಯವರ ಕಥೆ 1834ಕ್ಕೆ ಮುಗಿಯುತ್ತದೆ, ನಿಜ. ಆದರೆ ಅರಮನೆ, ಮಂತ್ರಿ, ಮನೆತನಗಳ ಯಜಮಾನರು ಮಾತನಾಡಿದಷ್ಟು ಗದ್ದೆಯಲ್ಲಿ ನಿಂತವರು ಇಲ್ಲಿ ಮಾತನಾಡುವುದಿಲ್ಲ. ಆ ದನಿ ಬೇಕೆಂದರೆ ನಾವು ನಿರಂಜನರ 'ಕಲ್ಯಾಣಸ್ವಾಮಿ'ಯ ಕಡೆ ಹೋಗಬೇಕು. ಎರಡನ್ನೂ ಒಟ್ಟಿಗೆ ಓದಿದರೇ ಕೊಡಗಿನ ಕಥೆ ಪೂರ್ತಿಯಾಗುವುದು.

ರಾಜನ ಮಗಳು ಗೌರಮ್ಮನ ನಿಜ ಜೀವನವನ್ನು ನೆನೆದರೆ ಕರುಳು ಚುರ್ ಎನ್ನುತ್ತದೆ. ಕಾಶಿಯಲ್ಲಿದ್ದ ರಾಜ 1852ರಲ್ಲಿ ಹನ್ನೊಂದರ ಈ ಹುಡುಗಿಯನ್ನು ಇಂಗ್ಲೆಂಡಿಗೆ ಕರೆದೊಯ್ದ. ಅಲ್ಲಿ ಅವಳಿಗೆ ಕ್ರೈಸ್ತ ದೀಕ್ಷೆಯಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನೇ ಕೊಟ್ಟಳು. ಇಂಗ್ಲಿಷ್ ಅಧಿಕಾರಿಯೊಬ್ಬನನ್ನು ಮದುವೆಯಾದ ಗೌರಮ್ಮ 1864ರಲ್ಲಿ, ಇನ್ನೂ ಇಪ್ಪತ್ತಮೂರು ತುಂಬದೆ, ತೀರಿಕೊಂಡಳು. ಅವಳಿಗೆ ಒಡವೆ ಇತ್ತು, ಆದರವಿತ್ತು. ತನ್ನದು ಎನ್ನುವುದು ಉಳಿಯಲಿಲ್ಲ. ದೊಡ್ಡವರ ಮನೆಯಲ್ಲಿ ಪ್ರೀತಿಯಿಂದಲೇ ಸಾಕಿದರೂ ಹೀಗಾಗಬಹುದು.

ಹಾಗಾದರೆ ಚಿಕ್ಕ ನಾಡುಗಳೆಲ್ಲ ಬೇರೆಯೇ ಇರಬೇಕೇ? ನಾನು ಹಾಗೆ ಹೇಳಲಾರೆ. 1956ನ್ನು 1834ರ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಕಾಣುತ್ತದೆ. ಸ್ವಾತಂತ್ರ್ಯ ಬಂದ ಮೇಲೆ ಕೊಡಗು 'ಸಿ' ವರ್ಗದ ರಾಜ್ಯವಾಗಿ, ತನ್ನದೇ 24 ಸ್ಥಾನಗಳ ವಿಧಾನಸಭೆಯನ್ನು ಹೊಂದಿತ್ತು. 1952ರ ಚುನಾವಣೆಯಲ್ಲಿ ವಿಲೀನದ ವಿಷಯವೇ ಮುಂದೆ ಇತ್ತು. ಪಂದ್ಯಂಡ ಬೆಳ್ಳಿಯಪ್ಪನವರ ತಕ್ಕಡಿ ಪಕ್ಷ ವಿಲೀನ ಬೇಡ ಎಂದಿತು. ಕಾಂಗ್ರೆಸ್ಸಿಗೆ 15, ತಕ್ಕಡಿಗೆ 9 ಸ್ಥಾನ ಬಂದವು. ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾದರು. ಜನರನ್ನು ನೇರವಾಗಿ ಕೇಳಿದ್ದಲ್ಲವಾದರೂ, ಬೇಡ ಎನ್ನುವವರಿಗೆ ಬೇಡ ಎನ್ನಲು ಒಂದು ಜಾಗವಿತ್ತು. ಒಂಬತ್ತು ಜನ ಅದನ್ನು ಹೇಳಿ ಗೆದ್ದೂ ಬಂದರು. ಸೋತವರ ಮಾತೂ ದಾಖಲೆಯಲ್ಲಿ ಉಳಿಯಿತು.

ಆದರೆ ಸೇರಿದ ಮೇಲೆ? ಅಂದು 24 ಶಾಸಕರಿದ್ದ ನಾಡಿಗೆ ಇಂದು ಕರ್ನಾಟಕದ 224 ಸ್ಥಾನಗಳಲ್ಲಿ ಮಡಿಕೇರಿ, ವಿರಾಜಪೇಟೆ ಎಂಬ ಎರಡು. ಲೋಕಸಭೆಗೆ ಮೈಸೂರಿನ ಜೊತೆ ಹಂಚಿಕೊಂಡ ಒಂದು ಕ್ಷೇತ್ರ. ಜನಸಂಖ್ಯೆಯ ಲೆಕ್ಕ ಸರಿ ಇರಬಹುದು. ಆದರೂ ಗಣಿತದ ಟೀಚರ್ ತಾತ 'ವಿಲೀನ' ಎಂದದ್ದು ಯಾಕೆ ಎಂದು ಈ ಲೆಕ್ಕ ನೋಡಿದರೆ ಅರ್ಥವಾಗುತ್ತದೆ. ಇಂಥ ಅಳುಕನ್ನು ಸಂಕುಚಿತ ಬುದ್ಧಿ ಎನ್ನುವ ಮುಂಚೆ ನಮ್ಮನ್ನೇ ನೋಡಿಕೊಳ್ಳಬೇಕು. ಉತ್ತರದ ಜಿಲ್ಲೆಗಳು ಸೇರಿದರೆ ನಮ್ಮ ಪಾಲು ಕಡಿಮೆಯಾಗುತ್ತದೆ ಎಂದು ಹಳೆಯ ಮೈಸೂರಿನವರೇ ಏಕೀಕರಣಕ್ಕೆ ಹಿಂದೆಮುಂದೆ ನೋಡಿರಲಿಲ್ಲವೇ?

ಭದ್ರಾವತಿಯವರಿಗಂತೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1923ರಲ್ಲಿ ಉತ್ಪಾದನೆ ಶುರುಮಾಡಿದ ನಮ್ಮ ಕಬ್ಬಿಣದ ಕಾರ್ಖಾನೆ ಮೈಸೂರು ಸಂಸ್ಥಾನದ್ದಾಗಿತ್ತು. 1989ರಲ್ಲಿ ಉಕ್ಕು ಪ್ರಾಧಿಕಾರದ ಅಧೀನಕ್ಕೆ ಹೋಯಿತು, 1998ರಲ್ಲಿ ಅದರಲ್ಲೇ ವಿಲೀನವಾಯಿತು. ಸೇರಿದ್ದು ಸರಿಯೋ ತಪ್ಪೋ ಎಂದು ಮನೆಮನೆಯಲ್ಲೂ ವಾದವಿದೆ. ಒಂದು ಮಾತ್ರ ಎಲ್ಲರೂ ಒಪ್ಪುತ್ತಾರೆ: ನಮ್ಮೂರಿನ ಬಗ್ಗೆ ತೀರ್ಮಾನ ಆಗುವ ಕೋಣೆ ನಮ್ಮಿಂದ ದೂರ ಹೋಯಿತು. ನಾಡು ಕಾರ್ಖಾನೆಯಲ್ಲ, ಗೊತ್ತು. ಆದರೆ ದೂರದ ಕೋಣೆಯ ಸಂಕಟ ಎರಡರಲ್ಲೂ ಒಂದೇ.

ಹೊರಗಿನ ಒಂದು ಉದಾಹರಣೆ ಕೇಳಿ. ಸ್ಕಾಟ್ಲೆಂಡ್ 1707ರಲ್ಲಿ ಇಂಗ್ಲೆಂಡಿನೊಡನೆ ಒಂದಾದಾಗ ತೀರ್ಮಾನಿಸಿದವರು ಎರಡೂ ಕಡೆಯ ಸಂಸತ್ತಿನ ದೊಡ್ಡವರು. ಮುನ್ನೂರು ವರ್ಷ ಕಳೆದರೂ ಪ್ರಶ್ನೆ ಸಾಯಲಿಲ್ಲ. 2014ರ ಸೆಪ್ಟೆಂಬರ್ 18ರಂದು ಜನರನ್ನೇ ಕೇಳಿದರು. ಹದಿನಾರು ತುಂಬಿದವರಿಗೂ ಮತವಿತ್ತು. ಶೇಕಡ 55 ಜನ ಜೊತೆಯಲ್ಲೇ ಇರೋಣ ಎಂದರು. ನನಗೆ ಮುಖ್ಯವೆನಿಸುವುದು ಆ ಉತ್ತರಕ್ಕಿಂತ, ಒಂದು ಹನಿ ರಕ್ತವಿಲ್ಲದೆ ಹಾಗೆ ಕೇಳಲು ಆಯಿತಲ್ಲ ಎನ್ನುವುದು.

ಕೊಡಗಿನಲ್ಲಿ ಕೊಡವ ನ್ಯಾಷನಲ್ ಕೌನ್ಸಿಲ್ ಬಹಳ ವರ್ಷಗಳಿಂದ ಸ್ವಾಯತ್ತತೆಯನ್ನು ಕೇಳುತ್ತ ಬಂದಿದೆ. ಅದು ಭಾರತದ ಒಳಗಿನ ಸ್ವಾಯತ್ತತೆ, ದೇಶ ಬಿಡುವ ಮಾತಲ್ಲ. ಕೇಳುವುದು ಅವರ ಹಕ್ಕು. ಆದರೆ 1837 ಕಲಿಸಿದ ಪಾಠವನ್ನು ಅವರಿಗೂ ಹೇಳಬೇಕಾಗುತ್ತದೆ. ಕೊಡಗಿನಲ್ಲಿ ಕೊಡವರಷ್ಟೇ ಇಲ್ಲ. ಅರೆಭಾಷೆಯ ಗೌಡರಿದ್ದಾರೆ, ಯರವರು, ಕುರುಬರು, ಮಾಪಿಳ್ಳೆಗಳು, ತೋಟದ ಲೈನ್ ಮನೆಗಳಲ್ಲಿ ತಲೆಮಾರು ಕಳೆದವರು ಇದ್ದಾರೆ. ದೊಡ್ಡದು ತನ್ನನ್ನು ಕೇಳಲಿಲ್ಲ ಎಂದು ದೂರುವ ಚಿಕ್ಕದು, ತನ್ನೊಳಗಿನ ಇನ್ನೂ ಚಿಕ್ಕದನ್ನು ಕೇಳಿತೇ? ಅತ್ತೆಯ ಜೋರು ತಾಳಲಾರದೆ ಬೇರೆ ಮನೆ ಮಾಡಿದವಳೇ ನಾಳೆ ಸೊಸೆಯ ಮೇಲೆ ಜೋರು ಮಾಡುವುದನ್ನು ನಾವು ಕಂಡಿಲ್ಲವೇ?

ಬೇರೆ ಹೋಗುವುದು ಪಾಪವಲ್ಲ, ಕೂಡಿರುವುದೇ ಪುಣ್ಯವೂ ಅಲ್ಲ. ಎಲ್ಲರನ್ನೂ ಕೇಳಿದರೇ? ಸೇರಿದ ಮೇಲೆ 'ಇದು ಬೇಡ' ಎನ್ನುವ ಬಾಯಿ ಉಳಿಯಿತೇ? ನನ್ನ ಮಟ್ಟಿಗೆ ಈ ಎರಡೇ ಪರೀಕ್ಷೆ. ಬಾಯಿ ಉಳಿದಿದ್ದರೆ ದೊಡ್ಡ ಮನೆಯಲ್ಲಿ ಇರುವುದೇ ಮೇಲು. ಕಷ್ಟಕಾಲಕ್ಕೆ ಹತ್ತು ಕೈ ಇರುತ್ತವೆ. ಬಾಯಿ ಹೋದರೆ ಮನೆ ಎಷ್ಟು ದೊಡ್ಡದಾದರೇನು?

ಕೊಡಗಿನ ಆ ಟೀಚರ್ ವರ್ಗವಾಗಿ ಹೋಗಿ ಬಹಳ ಕಾಲವಾಯಿತು. ಅವರಿಗೆ ನಾನು ಉತ್ತರ ಕೊಡಲೇ ಇಲ್ಲ. ಆದರೆ ಅಂದಿನಿಂದ ನನ್ನ ರಾಜ್ಯೋತ್ಸವದ ಭಾಷಣದಲ್ಲಿ ಒಂದು ವಾಕ್ಯ ಹೆಚ್ಚಾಗಿದೆ. 'ಮಕ್ಕಳೇ, ಅಂದು ಎಲ್ಲರೂ ಒಂದೇ ಮನಸ್ಸಿನಿಂದ ಸೇರಲಿಲ್ಲ. ಅಳುಕುತ್ತ ಸೇರಿದವರೂ ಇದ್ದರು. ಅವರ ಅಳುಕು ಸುಳ್ಳಾಗುವಂತೆ ನಡೆದುಕೊಳ್ಳುವುದು ನಮ್ಮ ಕೆಲಸ.' ಮಕ್ಕಳು ಚಪ್ಪಾಳೆ ತಟ್ಟುವುದು ಈ ವಾಕ್ಯಕ್ಕಲ್ಲ. ಪರವಾಗಿಲ್ಲ, ಹೇಳುತ್ತ ಬಂದಿದ್ದೇನೆ.